ಮನೆಯಲ್ಲೇ 3 ಕಿಲೋವ್ಯಾಟ್ ಎಲೆಕ್ಟ್ರಿಕ್ ಬೈಕ್: ನಮ್ಮ ಬಿಸಿಲು ತಡೆಯುವಂತೆ ಕಟ್ಟುವುದು ಹೇಗೆ?

ಸಿರುಗುಪ್ಪ, ಸಿಂಧನೂರು, ಗಂಗಾವತಿ, ಕುಷ್ಟಗಿ ಕಡೆಯ ಓದುಗರು ಪದೇ ಪದೇ ಕೇಳುವುದು ಒಂದೇ ಪ್ರಶ್ನೆ: "ಅಣ್ಣಾ, ಜಾಸ್ತಿ ಪವರ್ ಇರೋ ಎಲೆಕ್ಟ್ರಿಕ್ ಬೈಕನ್ನ ಮನೇಲೇ ಕಟ್ಟಬಹುದಾ? ಯಾವ ಮೋಟಾರ್ ತಗೊಳ್ಳಲಿ?"

ಕಟ್ಟಬಹುದು. ಆದರೆ ಮೋಟಾರ್ ಆಯ್ಕೆಯಿಂದ ಶುರು ಮಾಡಬೇಡಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರುಗಳು ನಮ್ಮವು. ತಗಡಿನ ಶೆಡ್ಡಿನೊಳಗೆ ಮಧ್ಯಾಹ್ನ ಅದಕ್ಕಿಂತ ಜಾಸ್ತಿ ಕಾಯುತ್ತದೆ. ತಂಪು ದೇಶದವರು ಕಟ್ಟಿದ ಬೈಕಿನ ವಿಡಿಯೊ ನೋಡಿ ಅದೇ ಸಾಮಾನು, ಅದೇ ಸೆಟ್ಟಿಂಗ್ ಹಾಕಿದರೆ ಇಲ್ಲಿ ಮೊದಲು ಸಾಯುವುದು ಬ್ಯಾಟರಿ, ಆಮೇಲೆ ಮೋಟಾರ್‌ಗೆ ಕರೆಂಟ್ ಕೊಡುವ ಕಂಟ್ರೋಲರ್. ಹಾಗಾಗಿ ಈ ಲೇಖನದಲ್ಲಿ ಬ್ಯಾಟರಿ, ಬ್ರೇಕ್, ಬಿಸಿ ಈ ಮೂರಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ನಿಮಗೆ ಮಲ್ಟಿಮೀಟರ್ ಹಿಡಿಯಲು ಬರಬೇಕು. ಪ್ಲಸ್ ಯಾವುದು, ಮೈನಸ್ ಯಾವುದು ಎಂದು ಎರಡು ಸಲ ನೋಡುವ ತಾಳ್ಮೆ ಇರಬೇಕು. ವೆಲ್ಡಿಂಗ್ ಬರದಿದ್ದರೂ ನಡೆಯುತ್ತದೆ, ಒಳ್ಳೆಯ ಫ್ಯಾಬ್ರಿಕೇಶನ್ ಅಂಗಡಿಯವರ ಪರಿಚಯ ಇದ್ದರೆ ಸಾಕು.

ಹಂತ 1: ಎಲ್ಲಿ ಓಡಿಸುತ್ತೀರಿ ಎಂದು ಮೊದಲೇ ತೀರ್ಮಾನಿಸಿ

ಇದನ್ನು ಕೊನೆಗೆ ಇಟ್ಟುಕೊಳ್ಳುವವರೇ ಜಾಸ್ತಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ನೋಂದಣಿ ಬೇಡದ ಎಲೆಕ್ಟ್ರಿಕ್ ಗಾಡಿ ಅಂದರೆ ಮೋಟಾರ್ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಒಳಗೆ. ಇದನ್ನು ದಾಟಿದರೆ ಅದು ಮೋಟಾರು ವಾಹನ. ಅದಕ್ಕೆ ಎಆರ್‌ಎಐ, ಐಕ್ಯಾಟ್‌ನಂಥ ಸಂಸ್ಥೆಗಳಲ್ಲಿ ಪರೀಕ್ಷೆ ಮಾಡಿಸಿ ಅನುಮೋದನೆ ಪಡೆಯಬೇಕು. ನೋಂದಣಿ, ವಿಮೆ, ಲೈಸೆನ್ಸ್ ಎಲ್ಲವೂ ಬೇಕು. ಮನೆಯಲ್ಲಿ ಕಟ್ಟಿದ ಒಂದೇ ಒಂದು ಗಾಡಿಗೆ ಆ ಅನುಮೋದನೆ ಸಿಗುವ ದಾರಿ ಇಲ್ಲವೆಂದೇ ಇಟ್ಟುಕೊಳ್ಳಿ.

ಅಂದರೆ 3 ಕಿಲೋವ್ಯಾಟ್ ಬೈಕ್ ನಿಮ್ಮ ಸ್ವಂತ ಹೊಲ, ತೋಟ, ಮಿಲ್ಲಿನ ಕಾಂಪೌಂಡ್ ಒಳಗೆ ಓಡಿಸಲು ಮಾತ್ರ. ಹಳೆ ಬೈಕಿನ ಕೆಎ 34 ಅಥವಾ ಕೆಎ 36 ನಂಬರ್ ಪ್ಲೇಟನ್ನು ಇದಕ್ಕೆ ಹಾಕಿ ರಸ್ತೆಗೆ ತರುವುದು ಅಪರಾಧ. ಯಾರಿಗಾದರೂ ಗುದ್ದಿದರೆ ವಿಮೆ ಇಲ್ಲದ ಗಾಡಿಯ ಪರಿಹಾರ ಪೂರ್ತಿ ನಿಮ್ಮ ತಲೆ ಮೇಲೆ ಬರುತ್ತದೆ. ಊರೊಳಗೆ ಓಡಾಡಲು ಬೇಕು ಅಂದರೆ ಪರೀಕ್ಷಾ ಸಂಸ್ಥೆಯ ಅನುಮೋದನೆ ಇರುವ, 250 ವ್ಯಾಟ್‌ಗಿಂತ ಕಡಿಮೆಯ ಸೈಕಲ್ ಇಲ್ಲವೇ ನೋಂದಣಿ ಆಗಿರುವ ಸ್ಕೂಟರ್ ಕೊಳ್ಳಿ. ಹತ್ತಾರು ಎಕರೆ ಗದ್ದೆ ಸುತ್ತಿ ನೀರು ನೋಡುವವರಿಗೆ, ಔಷಧಿ ಡ್ರಮ್ಮು ಹೊತ್ತು ಬದುವಿನ ಮೇಲೆ ಹೋಗುವವರಿಗೆ ಮಾತ್ರ ಮುಂದಿನದು ನಿಜವಾಗಿ ಉಪಯೋಗ.

ಹಂತ 2: ಕಾಗದದ ಮೇಲೆ ಲೆಕ್ಕ ಹಾಕಿ

ವೋಲ್ಟ್ ಅನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್, ಅಂದರೆ ಆ ಕ್ಷಣದ ಶಕ್ತಿ. ವೋಲ್ಟ್ ಅನ್ನು ಆಂಪಿಯರ್ ಅವರ್‌ನಿಂದ ಗುಣಿಸಿದರೆ ವ್ಯಾಟ್ ಅವರ್, ಅಂದರೆ ಬ್ಯಾಟರಿಯಲ್ಲಿ ಒಟ್ಟು ಎಷ್ಟು ತುಂಬಿದೆ ಎಂಬುದು. ಈ ಎರಡು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು.

ಬೈಕ್, ಸವಾರ, ಸಾಮಾನು ಸೇರಿ 150 ಕೆ.ಜಿ. ಅಂದುಕೊಳ್ಳಿ. ಸಂಡೂರು ಕಡೆ ಗುಡ್ಡದ ಬುಡದ ಹೊಲಗಳಲ್ಲಿ ನೂರು ಮೀಟರ್‌ಗೆ ಹತ್ತು ಮೀಟರ್ ಏರುವ ದಾರಿ ಸಿಗುತ್ತದೆ ಅನ್ನೋಣ. ಅದನ್ನು 30 ಕಿ.ಮೀ. ವೇಗದಲ್ಲಿ ಹತ್ತಲು ಚಕ್ರಕ್ಕೆ ಸುಮಾರು 1,400 ವ್ಯಾಟ್ ಸಾಕು. ನಷ್ಟ ಸೇರಿಸಿದರೆ ಬ್ಯಾಟರಿಯಿಂದ 1,800 ವ್ಯಾಟ್. 3 ಕಿಲೋವ್ಯಾಟ್ ಅಂದರೆ ಇದಕ್ಕೂ ಮೇಲೆ ಬೇಕಾದಷ್ಟು ಮಿಗುತ್ತದೆ. 8 ಕಿಲೋವ್ಯಾಟ್, 10 ಕಿಲೋವ್ಯಾಟ್ ಎಂದು ಕೇಳುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಿ.

ಸಮತಟ್ಟು ನೆಲದಲ್ಲಿ 45 ಕಿ.ಮೀ. ವೇಗಕ್ಕೆ ಕಿಲೋಮೀಟರ್‌ಗೆ ಸುಮಾರು 26 ವ್ಯಾಟ್ ಅವರ್ ಖರ್ಚಾಗುತ್ತದೆ. 65ಕ್ಕೆ ಏರಿಸಿದರೆ 45 ವ್ಯಾಟ್ ಅವರ್. ಕಾರಣ ಗಾಳಿ. ವೇಗ ಜಾಸ್ತಿಯಾದಂತೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಮೂರನೆಯ ಘಾತದಲ್ಲಿ ಏರುತ್ತದೆ. ಕೆಳಗೆ ಹೇಳುವ ಬ್ಯಾಟರಿಯಲ್ಲಿ ಶೇಕಡಾ 85ರಷ್ಟು ಬಳಸುತ್ತೀರಿ ಅಂದುಕೊಂಡರೆ, ನಿಧಾನಕ್ಕೆ ಹೋದಾಗ 75 ಕಿ.ಮೀ. ಬರುತ್ತದೆ, ಜೋರಾಗಿ ಹೋದರೆ 43ಕ್ಕೇ ಮುಗಿಯುತ್ತದೆ.

ನಾನು ಸೂಚಿಸುವ ಅಳತೆ ಇದು: 76.8 ವೋಲ್ಟ್, 30 ಆಂಪಿಯರ್ ಅವರ್ ಬ್ಯಾಟರಿ, ಅಂದರೆ 2,304 ವ್ಯಾಟ್ ಅವರ್. ಬ್ಯಾಟರಿಯಿಂದ 40 ಆಂಪಿಯರ್ ಮಿತಿ, ಅಂದರೆ ಸುಮಾರು 3,070 ವ್ಯಾಟ್. ಮುಂದಿನ ಎಲ್ಲ ಲೆಕ್ಕವೂ ಇದಕ್ಕೇ.

ಹಂತ 3: ಸಾಮಾನು ಹೊಂದಿಸಿಕೊಳ್ಳಿ

ಬೇಕಾದ್ದು: 3 ಕಿಲೋವ್ಯಾಟ್ ಹಬ್ ಮೋಟಾರ್ (ಹಿಂದಿನ ಚಕ್ರದ ನಡುವೆಯೇ ಕೂರುವ ಮೋಟಾರ್), ಕಂಟ್ರೋಲರ್ (ಬ್ಯಾಟರಿಯ ಕರೆಂಟನ್ನು ಮೂರು ಫೇಸ್ ಮಾಡಿ ಮೋಟಾರ್‌ಗೆ ಕೊಡುವ ಪೆಟ್ಟಿಗೆ), ಸೆಲ್‌ಗಳು ಮತ್ತು ಬಿಎಂಎಸ್ (ಪ್ರತಿ ಸೆಲ್ಲಿನ ವೋಲ್ಟೇಜ್, ಬಿಸಿ ನೋಡಿಕೊಂಡು ಅಪಾಯವಾದರೆ ಬ್ಯಾಟರಿಯನ್ನು ಕಡಿದುಹಾಕುವ ಸರ್ಕ್ಯೂಟ್), 87.6 ವೋಲ್ಟ್ ಚಾರ್ಜರ್, ಥ್ರಾಟಲ್ (ಆಕ್ಸಿಲರೇಟರ್), ಸ್ವಿಚ್ ಇರುವ ಬ್ರೇಕ್ ಲಿವರ್, ಲೈಟು ಹಾರನ್‌ಗೆ 12 ವೋಲ್ಟ್ ಕೊಡುವ ಡಿಸಿ ಕನ್ವರ್ಟರ್, ಡಿಸಿ ಫ್ಯೂಸ್, ಎಂಸಿಬಿ, ವೈರ್, ಲಗ್ಗು (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು).

ಮೋಟಾರ್, ಕಂಟ್ರೋಲರ್ ನಮ್ಮ ಊರುಗಳ ಅಂಗಡಿಯಲ್ಲಿ ಸಿಗುವುದು ಕಷ್ಟ. ಬಳ್ಳಾರಿ, ಕೊಪ್ಪಳದವರು ಬೆಂಗಳೂರಿನ ಎಸ್.ಪಿ. ರೋಡಿಗೆ, ರಾಯಚೂರಿನವರು ಹೈದರಾಬಾದಿನ ಕೋಠಿಗೆ ಹೋಗಿ ಸಣ್ಣಪುಟ್ಟ ಎಲೆಕ್ಟ್ರಾನಿಕ್ಸ್ ಸಾಮಾನು ತರಬಹುದು. ಫೋರ್ಕ್, ಮುಂದಿನ ಚಕ್ರ, ಶಾಕ್ ಅಬ್ಸಾರ್ಬರ್, ಸೀಟು, ಸ್ಟ್ಯಾಂಡು ಇವನ್ನೆಲ್ಲ ಗುಜರಿಯಲ್ಲಿ ನೋಡಿ. 125 ಅಥವಾ 150 ಸಿಸಿ ಬೈಕಿನ ಡಿಸ್ಕ್ ಬ್ರೇಕ್ ಇರುವ ಮುಂಭಾಗ ಪೂರ್ತಿ ಸಿಕ್ಕರೆ ಬಿಡಬೇಡಿ. ಬಿಲ್ ಕೇಳಿ ಇಸಿದುಕೊಳ್ಳಿ, ಕದ್ದ ಗಾಡಿಯ ಭಾಗ ನಿಮ್ಮ ಕೈಗೆ ಬರಬಾರದು.

ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ಬ್ಯಾಟರಿಯದು. ಹಣ ಉಳಿಸಲೇಬೇಕು ಅಂದರೆ ಸೀಟು, ಬಣ್ಣ, ಡಿಸ್‌ಪ್ಲೇಯಲ್ಲಿ ಉಳಿಸಿ. ಸೆಲ್, ಬಿಎಂಎಸ್, ಬ್ರೇಕಿನಲ್ಲಿ ಬೇಡ.

ಹಂತ 4: ಫ್ರೇಮ್

ಸೈಕಲ್ ಫ್ರೇಮಿಗೇ 3 ಕಿಲೋವ್ಯಾಟ್ ಹಾಕಬಹುದಾ ಎಂದು ಬಹಳ ಜನ ಕೇಳುತ್ತಾರೆ. ಬೇಡ. ಸೈಕಲ್ ಫ್ರೇಮು ಮನುಷ್ಯನ ಕಾಲಿನ ಶಕ್ತಿಗೆ ಮಾಡಿದ್ದು. ಹ್ಯಾಂಡಲ್ ಕೆಳಗಿನ ವೆಲ್ಡ್ ಹತ್ತಿರ ಕೂದಲೆಳೆಯಂಥ ಬಿರುಕು ಶುರುವಾಗುತ್ತದೆ, ಬಣ್ಣದ ಕೆಳಗೆ ಕಾಣುವುದೇ ಇಲ್ಲ. ಒಂದು ದಿನ ಗುಂಡಿಗೆ ಬಿದ್ದಾಗ ಮುರಿಯುತ್ತದೆ.

38 ಮಿ.ಮೀ. ಹೊರ ವ್ಯಾಸದ, 2 ಮಿ.ಮೀ. ದಪ್ಪದ ಇಆರ್‌ಡಬ್ಲ್ಯೂ ಸ್ಟೀಲ್ ಪೈಪ್ ಸಾಕು. ಎರಡು ಚಕ್ರದ ನಡುವಿನ ಅಂತರ 1,250ರಿಂದ 1,350 ಮಿ.ಮೀ. ಇಟ್ಟುಕೊಳ್ಳಿ. ಮುಂದಿನ ಫೋರ್ಕಿನ ಓರೆಯನ್ನು ಸ್ವಂತ ಬುದ್ಧಿಯಿಂದ ಬದಲಿಸಬೇಡಿ. ಯಾವ ಬೈಕಿನ ಫೋರ್ಕ್ ತಂದಿರೋ ಆ ಬೈಕನ್ನು ಸಮ ನೆಲದಲ್ಲಿ ನಿಲ್ಲಿಸಿ ಕೋನ ಅಳೆದು ಅಷ್ಟೇ ಇಡಿ. ಓರೆ ಕಡಿಮೆಯಾದರೆ ವೇಗದಲ್ಲಿ ಹ್ಯಾಂಡಲ್ ನಡುಗುತ್ತದೆ.

ತೆಳು ಪೈಪಿಗೆ ಮಾಮೂಲಿ ಆರ್ಕ್ ವೆಲ್ಡಿಂಗ್ ಮಾಡಿದರೆ ತೂತು ಬೀಳುವುದು ಜಾಸ್ತಿ. ಬಳ್ಳಾರಿಯ ಮುಂಡರಗಿ ಇಂಡಸ್ಟ್ರಿಯಲ್ ಏರಿಯಾ ಇರಲಿ, ಗಂಗಾವತಿಯ ಟ್ರೇಲರ್ ಕಟ್ಟುವ ಅಂಗಡಿಗಳಿರಲಿ, ಸಿಓಟು ವೆಲ್ಡಿಂಗ್ ಇರುವ ಕಡೆ ಕೊಡಿ. ಮೊದಲು ಎಲ್ಲ ಜಾಗದಲ್ಲಿ ಚುಕ್ಕೆ ಟಾಕು ಹಾಕಿಸಿ, ಎರಡೂ ಚಕ್ರ ಕೂರಿಸಿ, ಹಿಂದಿನಿಂದ ದಾರ ಹಿಡಿದು ಒಂದೇ ಗೆರೆಯಲ್ಲಿವೆಯೇ ನೋಡಿ. ಆಮೇಲೆ ಪೂರ್ತಿ ವೆಲ್ಡ್. ಬ್ಯಾಟರಿ ಮೈಮೇಲಿದ್ದಾಗ ಫ್ರೇಮಿಗೆ ವೆಲ್ಡಿಂಗ್ ಯಾವತ್ತೂ ಮಾಡಿಸಬೇಡಿ.

ಬ್ಯಾಟರಿ ಪೆಟ್ಟಿಗೆ ಎರಡು ಕಾಲುಗಳ ನಡುವೆ, ಆದಷ್ಟು ಕೆಳಗೆ ಬರಲಿ. ಕಂಟ್ರೋಲರ್ ಆ ಪೆಟ್ಟಿಗೆಯೊಳಗೆ ಬೇಡ, ಹೊರಗೆ ಗಾಳಿ ಬಡಿಯುವ ಕಡೆ ಇರಲಿ. ಇನ್ನೊಂದು ಮಾತು: ಎರೆ ಹೊಲದವರು ಹಿಂದಿನ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕನಿಷ್ಠ 4 ಸೆಂ.ಮೀ. ಬಿಡಿ. ಮಳೆಗಾಲದಲ್ಲಿ ಎರೆ ಮಣ್ಣು ಅಂಟಿ ಚಕ್ರ ಕಚ್ಚಿಕೊಂಡರೆ, ತಿರುಗದ ಮೋಟಾರ್‌ಗೆ ಕರೆಂಟ್ ಹೋಗುತ್ತಲೇ ಇರುತ್ತದೆ. ವೈಂಡಿಂಗ್ ಸುಡಲು ಅಷ್ಟೇ ಸಾಕು. ಮಸಾರಿ ನೆಲದಲ್ಲಿ ಈ ಕಾಟ ಕಡಿಮೆ.

ಹಂತ 5: ಚಕ್ರ, ಮೋಟಾರ್, ಟಾರ್ಕ್ ಆರ್ಮ್

ಮೋಟಾರ್ ಕೊಳ್ಳುವಾಗ ವ್ಯಾಟ್ ಜೊತೆಗೆ ಒಂದು ವೋಲ್ಟ್‌ಗೆ ಎಷ್ಟು ಸುತ್ತು ಎಂದು ಕೇಳಿ. ವೋಲ್ಟ್‌ಗೆ 8 ಸುತ್ತಿನ ಮೋಟಾರ್ 76.8 ವೋಲ್ಟ್‌ನಲ್ಲಿ ನಿಮಿಷಕ್ಕೆ ಸುಮಾರು 614 ಸುತ್ತು ತಿರುಗುತ್ತದೆ. ಟೈರಿನ ಹೊರ ವ್ಯಾಸ 60 ಸೆಂ.ಮೀ. ಇದ್ದರೆ ಗಾಳಿಯಲ್ಲಿ ಎತ್ತಿ ತಿರುಗಿಸಿದಾಗ 69 ಕಿ.ಮೀ. ವೇಗ, ಭಾರ ಬಿದ್ದಾಗ 55ರ ಆಸುಪಾಸು. ಹೊಲಕ್ಕೆ ಇದೇ ಜಾಸ್ತಿ. ಸುತ್ತು ಕಡಿಮೆ ಇರುವ ಮೋಟಾರ್ ಏರಿನಲ್ಲಿ ಕಡಿಮೆ ಕರೆಂಟಿಗೆ ಜಾಸ್ತಿ ಎಳೆಯುತ್ತದೆ. ಒಳಗೆ ತಾಪಮಾನದ ಸೆನ್ಸರ್ ಇರುವ ಮೋಟಾರನ್ನೇ ತನ್ನಿ.

ಈಗ ಅಪಾಯದ ಜಾಗ. ಹಬ್ ಮೋಟಾರ್ ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ತನ್ನ ಆಕ್ಸಲನ್ನು ಹಿಂದಕ್ಕೆ ತಿರುಚುತ್ತದೆ. ಆಕ್ಸಲಿನ ಎರಡು ಬದಿ ಚಪ್ಪಟೆ ಮಾಡಿರುತ್ತಾರೆ, ಆ ಎರಡು ಬದಿಗಳ ನಡುವಿನ ದಪ್ಪ ಸಾಮಾನ್ಯವಾಗಿ 10 ಮಿ.ಮೀ. ಮೋಟಾರ್ 120 ನ್ಯೂಟನ್ ಮೀಟರ್ ಟಾರ್ಕ್ (ತಿರುಚುವ ಬಲ) ಕೊಟ್ಟರೆ ಆ ಚಪ್ಪಟೆ ಅಂಚಿನ ಮೇಲೆ ಒಂದು ಟನ್‌ಗೂ ಮೀರಿದ ಒತ್ತಡ ಬೀಳುತ್ತದೆ. ಬರೀ ನಟ್ಟು ಬಿಗಿ ಮಾಡಿದರೆ ಇದು ನಿಲ್ಲುವುದಿಲ್ಲ. ಆಕ್ಸಲ್ ಒಮ್ಮೆ ಗಿರ್ರನೆ ತಿರುಗಿದರೆ ಒಳಗಿಂದ ಬರುವ ವೈರುಗಳನ್ನು ಹಗ್ಗದಂತೆ ಹೊಸೆದು ಕತ್ತರಿಸುತ್ತದೆ. ಚಕ್ರವೂ ಕಳಚಬಹುದು.

ಟಾರ್ಕ್ ಆರ್ಮ್ ಅಂದರೆ ಆಕ್ಸಲನ್ನು ತಿರುಗದಂತೆ ಹಿಡಿಯುವ ಸ್ಟೀಲ್ ಪಟ್ಟಿ. 8ರಿಂದ 10 ಮಿ.ಮೀ. ದಪ್ಪದ ಪ್ಲೇಟಿನಲ್ಲಿ ಎರಡೂ ಬದಿಗೆ ಮಾಡಿಸಿ. ತೂತನ್ನು ಗ್ಯಾಸ್ ಕಟರ್‌ನಿಂದ ಅಂದಾಜಿಗೆ ಕೊರೆಸಬೇಡಿ. ಆಕ್ಸಲ್ ಅಳತೆ ಕೊಟ್ಟು ಲೇಸರ್ ಕಟ್ಟಿಂಗ್ ಅಥವಾ ಮಿಲ್ಲಿಂಗ್ ಮಾಡಿಸಿ. ಕೈಯಲ್ಲಿ ತುಸು ಒತ್ತಿ ಕೂರಿಸುವಷ್ಟು ಬಿಗಿ ಇರಬೇಕು. ಒಂದು ಮಿ.ಮೀ. ಸಡಿಲ ಇದ್ದರೂ ಪ್ರತಿ ಸಲ ಥ್ರಾಟಲ್ ತಿರುವಿದಾಗ ಬಡಿದು ಬಡಿದು ತೂತು ದೊಡ್ಡದಾಗುತ್ತದೆ.

ಟೈರು ಬೈಕಿನದೇ ಹಾಕಿ. ಬಳ್ಳಾರಿ ಜಾಲಿ ಬೆಳೆದ ಬದುಗಳಲ್ಲಿ ಸೈಕಲ್ ಟೈರು ಒಂದು ವಾರವೂ ತಡೆಯುವುದಿಲ್ಲ. ಹಿಂದಿನ ಚಕ್ರ ಪಂಕ್ಚರ್ ಆದರೆ ಎರಡೂ ಟಾರ್ಕ್ ಆರ್ಮ್, ದಪ್ಪ ವೈರುಗಳ ಕನೆಕ್ಷನ್ ಎಲ್ಲ ಬಿಚ್ಚಬೇಕು. ದಪ್ಪ ಟ್ಯೂಬು ಹಾಕಿ ಸೀಲೆಂಟ್ ತುಂಬಿಸಿ.

ಹಂತ 6: ಬ್ರೇಕ್

55 ಕಿ.ಮೀ. ವೇಗದಲ್ಲಿರುವ ಗಾಡಿಯನ್ನು ನಿಲ್ಲಿಸಲು 25ರಲ್ಲಿರುವುದಕ್ಕಿಂತ ಸುಮಾರು ಐದು ಪಟ್ಟು ಶಕ್ತಿಯನ್ನು ಬ್ರೇಕ್ ನುಂಗಬೇಕು. ಮುಂದೆ ಬೈಕಿನ ಹೈಡ್ರಾಲಿಕ್ ಡಿಸ್ಕ್ ಕಡ್ಡಾಯ. ಹಿಂದೆಯೂ ಡಿಸ್ಕ್ ಇದ್ದರೆ ಒಳ್ಳೆಯದು. ಗುಜರಿಯಿಂದ ತಂದ ಬ್ರೇಕಿಗೆ ಪ್ಯಾಡು, ಆಯಿಲ್, ಸೀಲ್ ಹೊಸದು ಹಾಕಿಸಿ, ಹೋಸ್ ಪೈಪ್ ಬಿರುಕು ಬಿಟ್ಟಿದ್ದರೆ ಬಿಸಾಕಿ.

ಎರಡೂ ಲಿವರ್‌ಗೆ ಕಟ್ ಆಫ್ ಸ್ವಿಚ್ ಇರಲೇಬೇಕು. ಬ್ರೇಕ್ ಹಿಡಿದ ಕೂಡಲೇ ಮೋಟಾರ್‌ಗೆ ಕರೆಂಟ್ ನಿಲ್ಲಿಸುವುದು ಇದರ ಕೆಲಸ. ಥ್ರಾಟಲ್ ಸಿಕ್ಕಿಹಾಕಿಕೊಂಡಾಗ ನಿಮ್ಮನ್ನು ಉಳಿಸುವುದು ಇದೇ.

ಹಂತ 7: ಬ್ಯಾಟರಿ

ಇಲ್ಲಿ ಅವಸರ ಬೇಡ. 2022ರ ಬೇಸಿಗೆಯಲ್ಲಿ ದೇಶದ ಹಲವು ಕಡೆ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದದ್ದು ನೆನಪಿರಬಹುದು. ಅದಾದ ಮೇಲೆ ಸರಕಾರ ಬ್ಯಾಟರಿ ಸುರಕ್ಷತೆಯ ಎಐಎಸ್ 156 ಮಾನದಂಡವನ್ನು ಬಿಗಿ ಮಾಡಿತು, ಅದೇ ವರ್ಷ ಡಿಸೆಂಬರ್‌ನಿಂದ ಹಂತ ಹಂತವಾಗಿ ಜಾರಿಗೆ ತಂದಿತು. ಮನೆಯಲ್ಲಿ ಕಟ್ಟುವ ನಿಮಗೆ ಆ ಪರೀಕ್ಷೆ ಮಾಡುವವರು ಯಾರೂ ಇಲ್ಲ. ನೀವೇ ಮಾಡಿಕೊಳ್ಳಬೇಕು.

ಎರಡು ಬಗೆಯ ಲಿಥಿಯಂ ಸೆಲ್ ಸಿಗುತ್ತವೆ. ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವುದು) ಹಗುರ: ಒಂದು ಸೆಲ್ 3.6 ವೋಲ್ಟ್, ತುಂಬಿದಾಗ 4.2. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಭಾರ: 3.2 ವೋಲ್ಟ್, ತುಂಬಿದಾಗ 3.65. ನಮ್ಮ ಅಳತೆಯ ಎನ್‌ಎಂಸಿ ಬ್ಯಾಟರಿಗೆ ಸೆಲ್‌ಗಳ ತೂಕವೇ 8–9 ಕೆ.ಜಿ., ಎಲ್‌ಎಫ್‌ಪಿಗೆ 17 ಕೆ.ಜಿ. ಆದರೂ ನಾನು ಹೇಳುವುದು ಎಲ್‌ಎಫ್‌ಪಿ. ಅದು ಜಾಸ್ತಿ ಬಿಸಿ ತಡೆಯುತ್ತದೆ, ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಚಾರ್ಜಿಂಗ್ ಸರದಿಗಳೂ ಜಾಸ್ತಿ ಬಾಳುತ್ತವೆ. ಎಂಟು ಕೆ.ಜಿ. ತೂಕ ಉಳಿಸಲು ಮನೆ ಮುಂದೆ ಅಪಾಯ ಇಟ್ಟುಕೊಳ್ಳಬೇಡಿ. ಪೆಟ್ರೋಲ್ ಟ್ಯಾಂಕಿನಷ್ಟೇ ಮರ್ಯಾದೆ ಎಲ್‌ಎಫ್‌ಪಿಗೂ ಕೊಡಬೇಕು, ಅದು ಬೇರೆ ಮಾತು.

ಮೊದಲ ಸಲ ಕಟ್ಟುವವರು ಪರೀಕ್ಷಾ ವರದಿ ಕೊಡುವ ತಯಾರಕರಿಂದ ಸಿದ್ಧ ಬ್ಯಾಟರಿಯನ್ನೇ ತನ್ನಿ. ಸ್ವಂತ ಕಟ್ಟಲೇಬೇಕು ಅನ್ನುವವರಿಗೆ ಕ್ರಮ ಹೀಗೆ. 32700 ಅಳತೆಯ (32 ಮಿ.ಮೀ. ದಪ್ಪ, 70 ಮಿ.ಮೀ. ಉದ್ದ), 6 ಆಂಪಿಯರ್ ಅವರ್ ಸೆಲ್ ತನ್ನಿ. ಐದು ಸೆಲ್ ಪಕ್ಕ ಪಕ್ಕ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಸೇರಿಸಿ ಒಂದು ಗುಂಪು, ಅಂಥ 24 ಗುಂಪು ಸಾಲಾಗಿ (ಒಂದರ ಪ್ಲಸ್ ಮುಂದಿನದರ ಮೈನಸ್‌ಗೆ). ಒಟ್ಟು 120 ಸೆಲ್. ಪ್ರತಿ ಸೆಲ್ ಮೇಲೆ ಬೀಳುವುದು 8 ಆಂಪಿಯರ್.

ಎಲ್ಲ ಸೆಲ್ ಹೊಸದಾಗಿರಲಿ, ಒಂದೇ ಕಂಪನಿಯದು, ಒಂದೇ ಬ್ಯಾಚಿನದು. ಪ್ರತಿಯೊಂದರ ವೋಲ್ಟೇಜ್ ಮತ್ತು ಒಳ ಪ್ರತಿರೋಧ ಅಳೆದು ಬರೆದಿಡಿ. ಒಂದು ಗುಂಪಿಗೆ ಸೇರಿಸುವ ಸೆಲ್‌ಗಳ ನಡುವೆ 0.01 ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಬೇಡ. ಹಳೆ ಲ್ಯಾಪ್‌ಟಾಪ್ ಸೆಲ್, ತೂಕಕ್ಕೆ ಮಾರುವ ಸೆಲ್ ಬೇಡವೇ ಬೇಡ. ಎನ್‌ಎಂಸಿ ಕೊಳ್ಳುವವರಿಗೂ ಒಂದು ಎಚ್ಚರಿಕೆ: 18650 ಸೆಲ್ ಮೇಲೆ 9,900 ಮಿಲಿಆಂಪಿಯರ್ ಅವರ್ ಎಂದು ಬರೆದಿದ್ದರೆ ಅದು ಶುದ್ಧ ಸುಳ್ಳು. ಆ ಅಳತೆಯ ಒಳ್ಳೆಯ ಸೆಲ್ 3,500ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಸೆಲ್ಲಿನ ಪ್ಲಸ್ ತುದಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿ. ನಡುವೆ ಚಿಕ್ಕ ಟೊಪ್ಪಿ, ಅದರ ಸುತ್ತ ತೆಳು ಕಪ್ಪು ಅಥವಾ ಬಿಳಿ ಉಂಗುರ, ಅದರ ಆಚೆ ಮಡಚಿದ ಲೋಹದ ಅಂಚು. ಆ ಅಂಚು ಪ್ಲಸ್ ಅಲ್ಲ, ಮೈನಸ್. ಇಡೀ ಸೆಲ್ಲಿನ ಮೈಯೇ ಮೈನಸ್. ಎರಡರ ನಡುವೆ ಇರುವುದು ಒಂದೆರಡು ಮಿ.ಮೀ. ಜಾಗ ಮತ್ತು ಕಾಗದದಷ್ಟು ತೆಳುವಾದ ಪ್ಲಾಸ್ಟಿಕ್ ಹೊದಿಕೆ. ನಿಕಲ್ ಪಟ್ಟಿ ಅಲ್ಲಿ ಉಜ್ಜಿ ಉಜ್ಜಿ ಹೊದಿಕೆ ಹರಿದರೆ ನೇರ ಶಾರ್ಟ್. ಅದಕ್ಕೇ ಪ್ರತಿ ಪ್ಲಸ್ ತುದಿಗೂ ಬಾರ್ಲಿ ಪೇಪರ್ ಉಂಗುರ ಅಂಟಿಸಬೇಕು. ಇದು ಬಿಸಿಗೂ ಉಜ್ಜಾಟಕ್ಕೂ ಜಗ್ಗದ ಗಟ್ಟಿ ಕಾಗದ. 120 ಸೆಲ್‌ಗೂ ಅಂಟಿಸಿ, ಒಂದನ್ನೂ ಬಿಡಬೇಡಿ.

ಜೋಡಿಸಲು ಶುದ್ಧ ನಿಕಲ್ ಪಟ್ಟಿ ಬೇಕು. ನಿಕಲ್ ಬಣ್ಣ ಹೊಡೆದ ಕಬ್ಬಿಣವನ್ನೂ ಅದೇ ಹೆಸರಲ್ಲಿ ಮಾರುತ್ತಾರೆ. ತುಂಡನ್ನು ಮರಳು ಕಾಗದದಿಂದ ಗೀರಿ ರಾತ್ರಿಯಿಡೀ ಉಪ್ಪುನೀರಿನಲ್ಲಿ ಹಾಕಿಡಿ. ಬೆಳಿಗ್ಗೆ ತುಕ್ಕು ಕಂಡರೆ ಅದು ಕಬ್ಬಿಣ. ಸೆಲ್‌ಗೆ ಬೆಸುಗೆ ಕಡ್ಡಿ ತಾಗಿಸಬೇಡಿ, ಒಳಗಿನ ಪದರ ಹಾಳಾಗುತ್ತದೆ. ಸ್ಪಾಟ್ ವೆಲ್ಡರ್‌ನಲ್ಲೇ ಮಾಡಿ. ಬೆಸೆದ ಪಟ್ಟಿಯನ್ನು ಕಟಿಂಗ್ ಪ್ಲೈಯರ್‌ನಲ್ಲಿ ಎಳೆದಾಗ ಪಟ್ಟಿ ಹರಿಯಬೇಕೇ ಹೊರತು ಬೆಸುಗೆ ಬಿಡಬಾರದು.

ತುಂಬಿದ ಬ್ಯಾಟರಿ 87.6 ವೋಲ್ಟ್. 60 ವೋಲ್ಟ್ ದಾಟಿದ ಡಿಸಿ ಮನುಷ್ಯನಿಗೆ ಅಪಾಯ. ಕೆಲಸಕ್ಕೆ ಕೂರುವ ಮೊದಲು ಉಂಗುರ, ವಾಚು, ಕೈ ಕಡಗ ತೆಗೆಯಿರಿ, ಬೆಳ್ಳಿ ಉಡದಾರ ಕೂಡ. ಅಂಗಿ ಬಿಚ್ಚಿ ಬ್ಯಾಟರಿ ಮೇಲೆ ಬಗ್ಗುವ ಬೇಸಿಗೆಯಲ್ಲಿ ಇದನ್ನು ಯಾರೂ ನೆನಪಿಡುವುದಿಲ್ಲ. ಪಾನಾಗಳಿಗೆ ತುದಿ ಮಾತ್ರ ಬಿಟ್ಟು ಟೇಪ್ ಸುತ್ತಿ. ಒಬ್ಬರೇ ಇರುವಾಗ ಈ ಕೆಲಸ ಬೇಡ.

ಬಿಎಂಎಸ್ 24 ಸಾಲಿನ ಎಲ್‌ಎಫ್‌ಪಿಯದೇ ಆಗಿರಲಿ. ಕರೆಂಟ್ 40 ಸಾಕು ಅನ್ನಿಸಿದರೂ 80 ಆಂಪಿಯರಿನದು ಹಾಕಿ, ಬಿಸಿಲಲ್ಲಿ ಅದರ ತಾಕತ್ತು ಇಳಿಯುತ್ತದೆ. ಅದರಿಂದ ಬರುವ 25 ಸಣ್ಣ ವೈರುಗಳನ್ನು ಗುಂಪುಗಳಿಗೆ ಸೇರಿಸಿದ ಮೇಲೆ ಪ್ಲಗ್ಗನ್ನು ತಕ್ಷಣ ಚುಚ್ಚಬೇಡಿ. ಮೊದಲ ಪಿನ್ನಿನಿಂದ ಒಂದೊಂದೇ ಪಿನ್ ಅಳೆಯುತ್ತ ಹೋಗಿ: ಪ್ರತಿ ಹೆಜ್ಜೆಗೆ ಸುಮಾರು 3.2–3.3 ವೋಲ್ಟ್ ಏರಬೇಕು. ಎಲ್ಲಾದರೂ ಹಾರಿದರೆ, ಇಳಿದರೆ ವೈರು ಅದಲು ಬದಲಾಗಿದೆ. ಹಾಗೇ ಚುಚ್ಚಿದರೆ ಬಿಎಂಎಸ್ ಆ ಕ್ಷಣವೇ ಹೋಗುತ್ತದೆ. ಬಿಎಂಎಸ್‌ನ ತಾಪಮಾನದ ತಂತಿಯನ್ನು ಬ್ಯಾಟರಿಯ ನಟ್ಟನಡುವಿನ ಸೆಲ್‌ಗಳ ನಡುವೆ ಇಡಿ, ಜಾಸ್ತಿ ಕಾಯುವುದು ಅಲ್ಲೇ.

ಹಂತ 8: ವೈರಿಂಗ್

ಬ್ಯಾಟರಿಯಿಂದ ಕಂಟ್ರೋಲರ್‌ವರೆಗೆ 10 ಸ್ಕ್ವೇರ್ ಎಂಎಂ ತಾಮ್ರದ ಎಳೆ ವೈರು, ಸಿಲಿಕಾನ್ ಹೊದಿಕೆ ಇದ್ದರೆ ಉತ್ತಮ. ಬ್ಯಾಟರಿಯ ಪ್ಲಸ್ ಹೊರಬಂದ ಕೂಡಲೇ 60 ಆಂಪಿಯರ್ ಫ್ಯೂಸ್.

ಇಲ್ಲಿ ಎಲ್ಲರೂ ಜಾರುವ ಜಾಗ ಒಂದಿದೆ. ಕಾರಿನ ಫ್ಯೂಸ್‌ಗಳು ಸಾಮಾನ್ಯವಾಗಿ 32 ವೋಲ್ಟ್‌ಗೆ ಮಾಡಿದವು. 87 ವೋಲ್ಟ್‌ನಲ್ಲಿ ಆ ಫ್ಯೂಸ್ ಕರಗಿದರೂ ನಡುವೆ ಕಿಡಿ ಹಿಡಿದುಕೊಂಡು ಕರೆಂಟ್ ಹರಿಯುತ್ತಲೇ ಇರುತ್ತದೆ. ಮನೆಯ ಎಸಿ ಎಂಸಿಬಿಯೂ ಹಾಗೇ, ಡಿಸಿಯ ಕಿಡಿ ಆರಿಸಲು ಅದು ಮಾಡಿದ್ದಲ್ಲ. ಸೋಲಾರ್ ಪಂಪ್‌ಸೆಟ್ ಸಾಮಾನು ಮಾರುವ ಅಂಗಡಿಯಲ್ಲಿ ಡಿಸಿ ಎಂಸಿಬಿ, ಡಿಸಿ ಫ್ಯೂಸ್ ಸಿಗುತ್ತವೆ. ಮೈಮೇಲೆ ಡಿಸಿ ವೋಲ್ಟೇಜ್ ಬರೆದಿರುತ್ತದೆ, 100ಕ್ಕಿಂತ ಮೇಲಿರಲಿ. ಎಂಸಿಬಿ ಕೈಗೆ ಸಿಗುವಂತೆ ಸೀಟಿನ ಮುಂದೆ ಇರಲಿ.

ಲಗ್ಗನ್ನು ಸುತ್ತಿಗೆಯಿಂದ ಕುಟ್ಟಬೇಡಿ. ಪಂಪ್‌ಸೆಟ್ ಕೇಬಲ್ ಅಂಗಡಿಯಲ್ಲಿ ಕ್ರಿಂಪಿಂಗ್ ಟೂಲ್ ಇರುತ್ತದೆ, ಒತ್ತಿಸಿಕೊಳ್ಳಿ. ಒಂದು ಲಗ್ಗನ್ನು ಹೆಚ್ಚುವರಿಯಾಗಿ ಒತ್ತಿಸಿ, ಅಡ್ಡಕ್ಕೆ ಗರಗಸದಿಂದ ಕತ್ತರಿಸಿ ನೋಡಿ. ಎಳೆಗಳೆಲ್ಲ ಒತ್ತಿ ಒಂದೇ ತಾಮ್ರದ ತುಂಡಿನಂತೆ ಕಾಣಬೇಕು. ನಡುವೆ ಕಪ್ಪು ಕಿಂಡಿಗಳಿದ್ದರೆ ಆ ಜಾಗ ಕಾಯುತ್ತದೆ, ಮತ್ತೆ ಒತ್ತಿಸಿ.

ಕಂಟ್ರೋಲರ್ ಒಳಗೆ ದೊಡ್ಡ ಕೆಪಾಸಿಟರ್‌ಗಳಿವೆ. ಖಾಲಿ ಇದ್ದಾಗ ಬ್ಯಾಟರಿ ತಾಗಿಸಿದರೆ ಪಟ್ಟನೆ ಕಿಡಿ ಹಾರಿ ಕನೆಕ್ಟರ್ ಸುಡುತ್ತದೆ. ಇದಕ್ಕೆ ಪ್ರೀ ಚಾರ್ಜ್ ಬೇಕು: ಮೊದಲು ಒಂದು ರೆಸಿಸ್ಟರ್ ಮೂಲಕ ನಿಧಾನಕ್ಕೆ ತುಂಬಿಸಿ, ಆಮೇಲೆ ನೇರ ಜೋಡಿಸುವುದು. ಕಿಡಿ ತಡೆಯುವ ರೆಸಿಸ್ಟರ್ ಒಳಗೇ ಇರುವ ಎಕ್ಸ್‌ಟಿ 90 ಎಸ್ ಕನೆಕ್ಟರ್ ಹಾಕಿದರೆ ಸುಲಭ. ಕಂಟ್ರೋಲರ್ ಗರಿಷ್ಠ ಎಷ್ಟು ವೋಲ್ಟ್ ತಡೆಯುತ್ತದೆ ಎಂದು ಕೊಳ್ಳುವ ಮೊದಲೇ ನೋಡಿ. "72 ವೋಲ್ಟ್" ಎಂದು ಬರೆದದ್ದೆಲ್ಲ 87.6 ತಡೆಯುವುದಿಲ್ಲ.

ಥ್ರಾಟಲ್‌ನಲ್ಲಿ ಮೂರು ವೈರು: 5 ವೋಲ್ಟ್, ಗ್ರೌಂಡ್, ಸಿಗ್ನಲ್. ಗ್ರೌಂಡ್ ವೈರು ತುಂಡಾದರೆ ಸಿಗ್ನಲ್ ಪೂರ್ತಿ ಏರಿ ಗಾಡಿ ತಾನೇ ನುಗ್ಗಬಹುದು. ಕಂಟ್ರೋಲರ್‌ನಲ್ಲಿ ಥ್ರಾಟಲ್ ದೋಷ ಹಿಡಿಯುವ ಸೆಟ್ಟಿಂಗ್ ಆನ್ ಮಾಡಿ, ಹ್ಯಾಂಡಲ್ ಮೇಲೆ ಕೆಂಪು ಕಿಲ್ ಸ್ವಿಚ್ ಹಾಕಿ. ಹ್ಯಾಂಡಲ್ ಪೂರ್ತಿ ಎರಡೂ ಕಡೆ ತಿರುಗಿಸಿದಾಗ ವೈರು ಜಗ್ಗಬಾರದು.

ಹಂತ 9: ಸೆಟ್ಟಿಂಗ್ ಮತ್ತು ಮೊದಲ ಓಟ

ಹಿಂದಿನ ಚಕ್ರ ನೆಲಕ್ಕೆ ತಾಗದಂತೆ ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕಟ್ಟಿ ನಿಲ್ಲಿಸಿ. ಮೋಟಾರ್‌ನಿಂದ ಮೂರು ದಪ್ಪ ಫೇಸ್ ವೈರು, ಜೊತೆಗೆ ಐದು ತೆಳು ಹಾಲ್ ಸೆನ್ಸರ್ ವೈರು ಬರುತ್ತವೆ. ಚಕ್ರ ಯಾವ ಸ್ಥಾನದಲ್ಲಿದೆ ಎಂದು ಹೇಳುವುದು ಹಾಲ್ ಸೆನ್ಸರ್. ಬಣ್ಣ ಹೊಂದಿದರೂ ಕಂಪನಿ ಬೇರೆಯಾದರೆ ಕ್ರಮ ಬೇರೆ ಇರಬಹುದು. ಕಂಟ್ರೋಲರ್‌ನ ಸ್ವಯಂ ಕಲಿಕೆ ಮೋಡ್ ಓಡಿಸಿ. ಮೋಟಾರ್ ಗರಗರ ಸದ್ದು ಮಾಡಿದರೆ, ನಡುಗಿದರೆ ತಕ್ಷಣ ನಿಲ್ಲಿಸಿ.

ಬ್ಯಾಟರಿ ಕರೆಂಟ್ ಬೇರೆ, ಫೇಸ್ ಕರೆಂಟ್ ಬೇರೆ. ಬ್ಯಾಟರಿ ಕರೆಂಟ್ ಒಟ್ಟು ಶಕ್ತಿಯನ್ನು ತೀರ್ಮಾನಿಸುತ್ತದೆ, ಫೇಸ್ ಕರೆಂಟ್ ಎಳೆತವನ್ನೂ ಮೋಟಾರಿನ ಬಿಸಿಯನ್ನೂ. ಮೊದಲ ದಿನ ಬ್ಯಾಟರಿ 15, ಫೇಸ್ 50 ಆಂಪಿಯರ್‌ಗೆ ಇಳಿಸಿ. ಕಣದಲ್ಲೋ ಖಾಲಿ ಹೊಲದಲ್ಲೋ ನಡಿಗೆ ವೇಗದಲ್ಲಿ ಓಡಿಸಿ, ಬ್ರೇಕ್, ಕಿಲ್ ಸ್ವಿಚ್ ಎಲ್ಲ ನೋಡಿ. ಹೆಲ್ಮೆಟ್, ಗ್ಲೌಸ್, ಗಟ್ಟಿ ಬೂಟು ಹಾಕಿಕೊಂಡೇ ಕೂರಿ. ಬ್ಯಾಟರಿ ಕರೆಂಟನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ 40 ಆಂಪಿಯರ್‌ಗೆ ಬನ್ನಿ, ಪ್ರತಿ ಸಲ ನಿಲ್ಲಿಸಿ, ಎಂಸಿಬಿ ಆಫ್ ಮಾಡಿ, ಲಗ್ಗು, ಕನೆಕ್ಟರ್‌ಗಳ ಹೊದಿಕೆ ಮುಟ್ಟಿ ನೋಡಿ. ಮುಟ್ಟಲಾಗದಷ್ಟು ಕಾದಿದ್ದರೆ ಅಲ್ಲಿ ಜೋಡಣೆ ಸರಿ ಇಲ್ಲ.

ಮೋಟಾರ್ 110 ಡಿಗ್ರಿಗೆ ಬಂದರೆ ಶಕ್ತಿ ಇಳಿಯುವಂತೆ ಸೆಟ್ಟಿಂಗ್ ಇಡಿ. ಜಾಸ್ತಿ ಬಿಸಿಗೆ ಆಯಸ್ಕಾಂತದ ಶಕ್ತಿ ಕುಂದಿದರೆ ಮತ್ತೆ ಬರುವುದಿಲ್ಲ. ರೀಜನ್, ಅಂದರೆ ಬ್ರೇಕ್ ಹಿಡಿದಾಗ ಮೋಟಾರೇ ಬ್ಯಾಟರಿ ತುಂಬಿಸುವ ಸೌಲಭ್ಯ, ಶುರುವಿನಲ್ಲಿ ಆಫ್ ಇರಲಿ. ಪೂರ್ತಿ ತುಂಬಿದ ಬ್ಯಾಟರಿಗೆ ರೀಜನ್ ಬಂದರೆ ಬಿಎಂಎಸ್ ದಾರಿ ಕಡಿಯುತ್ತದೆ. ಹೋಗಲು ದಾರಿಯಿಲ್ಲದ ವೋಲ್ಟೇಜ್ ಏರಿ ಕಂಟ್ರೋಲರ್ ಸುಡುತ್ತದೆ.

ಹಂತ 10: ಚಾರ್ಜಿಂಗ್, ನಿಲ್ಲಿಸುವುದು, ನೋಡಿಕೊಳ್ಳುವುದು

ಸೆಲ್ 45 ಡಿಗ್ರಿಗಿಂತ ಬಿಸಿ ಇರುವಾಗ ಚಾರ್ಜ್ ಮಾಡಬಾರದು ಎಂದು ಸಾಮಾನ್ಯವಾಗಿ ತಯಾರಕರೇ ಬರೆದಿರುತ್ತಾರೆ. ಏಪ್ರಿಲ್, ಮೇ ಮಧ್ಯಾಹ್ನ ಹೊಲದಿಂದ ಬಂದ ಗಾಡಿ ಆಗಲೇ ಆ ಮಟ್ಟ ದಾಟಿರುತ್ತದೆ. ನೆರಳಲ್ಲಿ ನಿಲ್ಲಿಸಿ, ಸಂಜೆ ತಣ್ಣಗಾದ ಮೇಲೆ ಇಲ್ಲವೇ ಬೆಳಗಿನ ಜಾವ ಎದ್ದು ಹಾಕಿ. 10 ಆಂಪಿಯರ್ ಚಾರ್ಜರ್‌ಗೆ ಮೂರೂವರೆ ಗಂಟೆ ಹಿಡಿಯುತ್ತದೆ, ಎರಡೂವರೆ ಯೂನಿಟ್ ಸುಮಾರಿಗೆ ಖರ್ಚು. ರಾತ್ರಿಯಿಡೀ ಹಾಕಿ ಮಲಗಬೇಡಿ. ಮಲಗುವ ಕೋಣೆ, ಮೆಟ್ಟಿಲ ಕೆಳಗೆ, ಹೊರಬಾಗಿಲ ಬಳಿ, ಹುಲ್ಲಿನ ಬಣವೆ ಹತ್ತಿರ, ಹತ್ತಿ ಇಟ್ಟ ಮನೆಯಲ್ಲಿ ಬೇಡವೇ ಬೇಡ. ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್, ಕೆಳಗೆ ಕಲ್ಲು ಅಥವಾ ಸಿಮೆಂಟ್ ನೆಲ, ಮೇಲೆ ತಗಡಿಗಿಂತ ಚಪ್ಪರದ ನೆರಳು ವಾಸಿ, ಆದರೆ ಗರಿ ಚಪ್ಪರ ಬೇಡ.

ಚಾರ್ಜರ್ ಮೇಲೆ ದೊಡ್ಡದಾಗಿ "ಎಲ್‌ಎಫ್‌ಪಿ ಮಾತ್ರ" ಎಂದು ಬರೆಯಿರಿ. ಇದೇ ಚಾರ್ಜರನ್ನು ಗೆಳೆಯನ 20 ಸಾಲಿನ ಎನ್‌ಎಂಸಿ ಬ್ಯಾಟರಿಗೆ ಹಾಕಿದರೆ ಸೆಲ್‌ಗೆ 4.38 ವೋಲ್ಟ್ ತಳ್ಳುತ್ತದೆ. ಅದು ಬೆಂಕಿಗೆ ನೇರ ದಾರಿ.

ಬ್ಯಾಟರಿ ಉಬ್ಬಿದರೆ, ಸಿಹಿ ವಾಸನೆ ಬಂದರೆ, ಸುಮ್ನೆ ನಿಂತಾಗಲೂ ಬಿಸಿಯಾದರೆ ಬಳಸುವುದನ್ನು ಬಿಟ್ಟು ಬಯಲಿಗೆ ಸಾಗಿಸಿ. ಹೊಗೆ ಬಂದರೆ ಹತ್ತಿರ ಹೋಗಬೇಡಿ, ಆ ಹೊಗೆ ವಿಷ. ಜನರನ್ನು ದೂರ ಕಳಿಸಿ 112ಕ್ಕೆ ಕರೆ ಮಾಡಿ. ಪೌಡರ್ ಸಿಲಿಂಡರ್ ಜ್ವಾಲೆ ಇಳಿಸಿದರೂ ಒಳಗಿನ ಬಿಸಿ ಇಳಿಸುವುದಿಲ್ಲ, ಸೆಲ್ ತಣಿಯಲು ನೀರು ಬೇಕಾದಷ್ಟು ಬೇಕು. ಚಾರ್ಜರ್ ಸಾಕೆಟ್‌ನಲ್ಲಿದ್ದರೆ ಮೊದಲು ಮೇನ್ ಆಫ್ ಆಗಬೇಕು.

ಶುರುವಿನ 100 ಕಿ.ಮೀ. ಆದ ಮೇಲೆ ಆಕ್ಸಲ್ ನಟ್ಟು, ಟಾರ್ಕ್ ಆರ್ಮ್ ಬೋಲ್ಟು, ಸ್ಪೋಕು, ವೆಲ್ಡ್‌ಗಳನ್ನು ನೋಡಿ. ಆಮೇಲೆ ತಿಂಗಳಿಗೊಮ್ಮೆ ಸಾಕು. ಗಣಿ ಕಡೆಯ ಕೆಂಪು ಧೂಳು ಕಂಟ್ರೋಲರ್‌ನ ರೆಕ್ಕೆಗಳ ನಡುವೆ ತುಂಬಿಕೊಂಡರೆ ಬಿಸಿ ಹೊರಗೆ ಹೋಗುವುದಿಲ್ಲ. ಬ್ರಷ್‌ನಲ್ಲಿ ಒರೆಸಿ, ಪ್ರೆಶರ್ ನೀರು ಹೊಡೆಸಬೇಡಿ. ತಿಂಗಳುಗಟ್ಟಲೆ ಓಡಿಸದಿದ್ದರೆ ಅರ್ಧ ಚಾರ್ಜಿನಲ್ಲಿ, ಎಂಸಿಬಿ ಆಫ್ ಮಾಡಿ, ಮನೆಯ ಹೊರ ಜಗಲಿಯ ತಂಪು ಮೂಲೆಯಲ್ಲಿ, ಬಾಗಿಲಿನಿಂದ ದೂರ ಇಡಿ. ಸೆಲ್ ಆಯುಷ್ಯ ಮುಗಿದಾಗ ಗುಜರಿ ಗಾಡಿಗೆ ಹಾಕಬೇಡಿ, ಅವರು ಸುತ್ತಿಗೆಯಿಂದ ಒಡೆಯುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆ ಬ್ಯಾಟರಿಯನ್ನು ವಾಪಸ್ ಸಂಗ್ರಹಿಸುವ ಹೊಣೆ ತಯಾರಕರ ಮೇಲಿದೆ. ಕೊಳ್ಳುವ ದಿನವೇ ವಾಪಸ್ ತಗೊಳ್ಳುತ್ತೀರಾ ಎಂದು ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ.